ದೂರದ ಕೋರ್ಟಿನಿಂದ ಮಾನನಷ್ಟ ದಾವೆ ಬಂದಾಗ ಇ-ಕೋರ್ಟ್ಸ್ ಆ್ಯಪ್ ಎಷ್ಟು ನೆರವಾಗುತ್ತದೆ?

ಕೇಣಿ ಬಂದರು, ಬೇಡ್ತಿ ನದಿ ತಿರುವಿನಂಥ ಯೋಜನೆಗಳ ಬಗ್ಗೆ ಉತ್ತರ ಕನ್ನಡದಲ್ಲಿ ಬಹಿರಂಗವಾಗಿ ಮಾತಾಡುವವರು, ಬರೆಯುವವರು ಬಹಳ ಜನ. ಅವರ ಮೇಲೆ ಮಾನನಷ್ಟ ದಾವೆ ಹೂಡುವವರು ಕಾರವಾರಕ್ಕೋ ಶಿರಸಿಗೋ ಬರಬೇಕೆಂದಿಲ್ಲ. ಬರಹ ಪ್ರಕಟವಾಗಿ ಮಾನಹಾನಿಯಾಯಿತೆನ್ನುವ ಊರಿನಲ್ಲೂ ಹೂಡಬಹುದು. ಓಡಾಡಿಸಿ ಬಾಯಿ ಮುಚ್ಚಿಸುವುದೇ ಉದ್ದೇಶವಾದರೆ ಬೆಂಗಳೂರಿನ ಕೋರ್ಟೇ ಅವರಿಗೆ ಅನುಕೂಲ. ಕೆಲವೊಮ್ಮೆ ಸಮನ್ಸ್ ಕೈಸೇರುವ ಮೊದಲೇ ಏಕಪಕ್ಷೀಯ (ಎದುರು ಪಕ್ಷದ ಮಾತು ಕೇಳದೆ ಕೊಟ್ಟ) ತಡೆಯಾಜ್ಞೆ ಆಗಿರುತ್ತದೆ. ಅದನ್ನು ಮನೆಯಲ್ಲೇ ಕೂತು ಪತ್ತೆಹಚ್ಚಲು ‘ಇ-ಕೋರ್ಟ್ಸ್ ಸರ್ವಿಸಸ್’ ಆ್ಯಪ್ ನಿಜಕ್ಕೂ ಉಪಯುಕ್ತ. ದುಡ್ಡು ಕೊಡಬೇಕಿಲ್ಲ.

ಪ್ರತಿ ಪ್ರಕರಣಕ್ಕೂ ಪ್ರತ್ಯೇಕವಾಗಿರುವ ಸಿಎನ್‌ಆರ್ ಸಂಖ್ಯೆ ಗೊತ್ತಿದ್ದರೆ ಕೆಲಸ ಸುಲಭ. ಅದರಲ್ಲಿ 16 ಅಕ್ಷರ-ಅಂಕಿಗಳಿರುತ್ತವೆ, ನಮ್ಮ ರಾಜ್ಯದ್ದು ‘ಕೆಎ’ಯಿಂದ ಶುರು. ಸಮನ್ಸಿನಲ್ಲಿ ಒ.ಎಸ್. (ಮೂಲ ದಾವೆ) ಸಂಖ್ಯೆ ಮಾತ್ರ ಇದ್ದರೆ ರಾಜ್ಯ, ಜಿಲ್ಲೆ, ಕೋರ್ಟ್ ಸಂಕೀರ್ಣ ಆರಿಸಿ ಹುಡುಕಬೇಕು. ಹೆಸರಿನಿಂದ ಹುಡುಕುವಲ್ಲಿ ಆ್ಯಪ್ ಸೋಲುತ್ತದೆ. ಹೆಸರು ಸಾಮಾನ್ಯವಾಗಿ ಇಂಗ್ಲಿಷಿನಲ್ಲಿ ದಾಖಲಾಗಿರುತ್ತದೆ. ನಾಯ್ಕ-ನಾಯಕ, ಹೆಗಡೆ-ಹೆಗ್ಡೆ, ಭಟ್-ಭಟ್ಟ ಎಲ್ಲ ಕಾಗುಣಿತಗಳಲ್ಲೂ ನೋಡಬೇಕು. ವರ್ಷವನ್ನೂ ಬದಲಿಸಿ ನೋಡಿ. ದೇಶದ ಎಲ್ಲ ಕೋರ್ಟುಗಳನ್ನು ಹೆಸರಿನಿಂದ ಒಟ್ಟಿಗೆ ಜಾಲಾಡುವ ಸೌಲಭ್ಯ ಇಲ್ಲ. ಇದು ದೊಡ್ಡ ಕೊರತೆ.

ಪ್ರಕರಣ ಸಿಕ್ಕಿತೆಂದರೆ ‘ಮೈ ಕೇಸಸ್’ಗೆ ಸೇರಿಸಿಡಿ. ಮುಂದಿನ ದಿನಾಂಕ ಬದಲಾಗಿದೆಯೇ ಎಂದು ‘ರಿಫ್ರೆಶ್’ ಒತ್ತಿ ನೋಡುತ್ತಿರಿ. ಮಧ್ಯಂತರ ಅರ್ಜಿಗಳ (ಐ.ಎ.) ವಿವರ ತಪ್ಪದೆ ಓದಿ, ತಡೆಯಾಜ್ಞೆ ಕೇಳಿದ್ದಾರೋ ಇಲ್ಲವೋ ಅಲ್ಲೇ ತಿಳಿಯುತ್ತದೆ. ಆದೇಶದ ಪಿಡಿಎಫ್ ಎಲ್ಲ ಸಲ ಏರಿಸಿರುವುದಿಲ್ಲ. ಏರಿಸಿದ್ದರೂ ಅದು ದೃಢೀಕೃತ ನಕಲಲ್ಲ. ಮೇಲ್ಮನವಿಗೆ ಕೋರ್ಟಿನಿಂದಲೇ ನಕಲು ಪಡೆಯಬೇಕು.

ಅವಧಿಯ ಲೆಕ್ಕವನ್ನು ಆ್ಯಪ್ ಹೇಳುವುದಿಲ್ಲ, ನೀವೇ ಇಟ್ಟುಕೊಳ್ಳಿ. ಲಿಖಿತ ಹೇಳಿಕೆಗೆ, ಅಂದರೆ ದಾವೆಗೆ ನೀವು ಕೊಡುವ ಉತ್ತರಕ್ಕೆ, ಸಮನ್ಸ್ ಜಾರಿಯಾದ ದಿನದಿಂದ 30 ದಿನ, ಕೋರ್ಟ್ ಒಪ್ಪಿದರೆ 90ರವರೆಗೆ. ಏಕಪಕ್ಷೀಯ ತಡೆಯಾಜ್ಞೆ ಪಡೆದವರು ದಾವೆ, ಪ್ರಮಾಣಪತ್ರ (ಅಫಿಡವಿಟ್), ದಾಖಲೆಗಳ ಪ್ರತಿಯನ್ನು ನಿಮಗೆ ತಕ್ಷಣ ತಲುಪಿಸಬೇಕು ಅಥವಾ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳಿಸಬೇಕು; ಅಂದೇ ಅಥವಾ ಮರುದಿನ ಕಳಿಸಿದ ಬಗ್ಗೆ ಕೋರ್ಟಿಗೆ ಪ್ರಮಾಣಪತ್ರವನ್ನೂ ಕೊಡಬೇಕು. ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 39, ನಿಯಮ 3 ಇದನ್ನೇ ಹೇಳುತ್ತದೆ. ಲಕೋಟೆಯ ಮೇಲಿನ ಅಂಚೆ ಮುದ್ರೆ ಜೋಪಾನ. ತಡವಾಗಿ ಕಳಿಸಿದ್ದರೆ ಆಜ್ಞೆ ತೆರವಿಗೆ ಅದೂ ಒಂದು ಆಧಾರ. ವಿಚಾರಣೆಗೆ ಮೊದಲೇ ಬರಹಕ್ಕೆ ತಡೆ ಕೊಡುವುದು ತೀರಾ ಅಪರೂಪವಾಗಿರಬೇಕೆಂದು ಸುದ್ದಿಸಂಸ್ಥೆ ಬ್ಲೂಮ್‌ಬರ್ಗ್ ಮತ್ತು ಜೀ ಕಂಪನಿ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2024ರ ಮಾರ್ಚಿನಲ್ಲಿ ಹೇಳಿದೆ. ನಿಮ್ಮ ವಕೀಲರಿಗೆ ಇದನ್ನು ನೆನಪಿಸಿ.

ಬರೀ ಲಾಯರ್ ನೋಟಿಸ್ ಬಂದಿದ್ದರೆ, ಅವರು ಹೋಗಬಹುದಾದ ಕೋರ್ಟಿನಲ್ಲಿ ಮೊದಲೇ ಕೇವಿಯಟ್ (ನಮ್ಮ ಮಾತು ಕೇಳದೆ ಆದೇಶ ಮಾಡಬೇಡಿ ಎಂಬ ಅರ್ಜಿ) ಹಾಕಿಸಿ. ಆಮೇಲೆ ಆ್ಯಪ್‌ನ ಕೇವಿಯಟ್ ವಿಭಾಗದಲ್ಲಿ ಅದು ನೋಂದಣಿಯಾಗಿದೆಯೇ ನೋಡಿಕೊಳ್ಳಿ. 90 ದಿನಕ್ಕೆ ಅದರ ಅವಧಿ ಮುಗಿಯುತ್ತದೆ, ಮತ್ತೆ ಹೊಸದಾಗಿ ಹಾಕಬೇಕು.