ಹೊಸ ಪೇಂಟ್ ಹೊಡೆದ ಫೈಬರ್ ದೋಣಿಗೆ ಅಡ್ವಾನ್ಸ್ ಕೊಡುವ ಮುಂಚೆ ಇದನ್ನು ಓದಿ

ಕುಂದಾಪುರ, ಬೈಂದೂರು ಕಡೆಯವರು ಯಾರಾದರೂ ಸೆಕೆಂಡ್ ಹ್ಯಾಂಡ್ ನಾಡದೋಣಿ ಹುಡುಕುತ್ತಿದ್ದರೆ ಸ್ವಲ್ಪ ನಿಲ್ಲಿ. "ಫೈಬರ್ ದೋಣಿ, 9.9 ಎಚ್‌ಪಿ ಇಂಜಿನ್ ಸಮೇತ, ಪೇಪರ್ ಕ್ಲಿಯರ್, ಕಡಲಿಗೆ ರೆಡಿ" ಅಂತ ನೀಲಿ ದೋಣಿಯ ಫೋಟೊ ನಿಮಗೂ ವಾಟ್ಸಾಪಲ್ಲಿ ಬಂದಿದ್ದರೆ ಖಂಡಿತ ನಿಲ್ಲಿ. ಮಾರುವವನ ಹೆಸರು ಇಲ್ಲಿ ಹಾಕುವುದಿಲ್ಲ. ಹಾಕಿದರೆ ಕೇಸ್ ಮಾಡ್ತೇನೆ ಅಂತ ಈಗಾಗಲೇ ಹೆದರಿಸಿದ್ದಾನೆ. ನನ್ನ 1 ಲಕ್ಷದ 70 ಸಾವಿರ ನುಂಗಿದವನು ನನಗೇ ಕೇಸ್ ಹಾಕ್ತಾನಂತೆ!

ನಮ್ಮ ಭಾವ ಹುಟ್ಟಿದಾಗಿಂದ ಕಡಲಿಗೆ ಹೋದವರು. ಆದರೆ ಯಾವಾಗಲೂ ಬೇರೆಯವರ ದೋಣಿಯಲ್ಲಿ, ಪಾಲಿಗೆ. ನಮ್ಮದೇ ಒಂದು ಸಣ್ಣದು ಇರಲಿ, ಕಂತುಬಲೆ ಬಿಟ್ಟುಕೊಂಡು ಮನೆ ನಡೆಯಲಿ ಅಂತ ನಾನು ದುಡ್ಡು ಹಾಕಿದೆ. ಹೊಸ ದೋಣಿ, ಹೊಸ ಇಂಜಿನ್ ಅಂದರೆ ನಮ್ಮ ಕೈಗೆ ಎಟುಕುವ ಮಾತಲ್ಲ.

ಮಾರುವವನಿಗೆ ಯಾವ ಹೊತ್ತಿಗೆ ಬಲೆ ಬೀಸಬೇಕು ಅಂತ ಚೆನ್ನಾಗಿ ಗೊತ್ತು. ಮೇ ಕೊನೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಮಳೆಗಾಲದ ಮೀನುಗಾರಿಕೆ ನಿಷೇಧ, ದೊಡ್ಡ ಬೋಟುಗಳೆಲ್ಲ ದಡದಲ್ಲಿ. 10 ಎಚ್‌ಪಿ ಒಳಗಿನ ನಾಡದೋಣಿಗೆ ಮಾತ್ರ ಅವಕಾಶ. "ಮಳೆಗಾಲದಲ್ಲಿ ಕಡಲು ನಿಮ್ಮದೇ ಮಾರಾಯ್ರೆ, ಸಿಗಡಿ ಬಿದ್ದರೆ ಒಂದೇ ಸೀಸನ್ನಿಗೆ ದೋಣಿ ದುಡ್ಡು ವಾಪಸ್. ಇನ್ನಿಬ್ಬರು ಕೇಳ್ತಿದ್ದಾರೆ, ನಾಳೆ ಬರ್ತಾರೆ." ಈ ನಾಳೆ ಬರುವ ಇನ್ನಿಬ್ಬರು ಯಾರು ಅಂತ ಇವತ್ತಿಗೂ ಗೊತ್ತಾಗಲಿಲ್ಲ.

"ಸುಮ್ನೆ ಪೇಂಟ್ ನೋಡಿ ತಗೊಂಡ್ರಾ?" ಅಂತ ಊರಲ್ಲಿ ಎಲ್ಲರೂ ಕೇಳಿ ಆಯಿತು. ಅಲ್ಲ ಸ್ವಾಮಿ. ಭಾವ ಅಡಿ ನೋಡಿದರು, ಬದಿ ನೋಡಿದರು. ಇಂಜಿನ್ ಸ್ಟಾರ್ಟ್ ಮಾಡಿಸಿ, ಪೆಟ್ರೋಲಿನಿಂದ ಸೀಮೆಎಣ್ಣೆಗೆ ತಿರುಗಿಸಿ, ತಂಪು ಮಾಡುವ ನೀರು ಸರಿಯಾಗಿ ಬೀಳುತ್ತಾ ಅಂತ ನೋಡಿದರು. ಹೊಳೆಯಲ್ಲಿ ಒಂದು ಸುತ್ತು ಹೊಡೆದೂ ಆಯಿತು. ಹೊಳೆ ನೀರು ಗೊತ್ತಲ್ಲ, ತಟ್ಟೆಯಲ್ಲಿಟ್ಟ ಹಾಗೆ ಇರುತ್ತದೆ. ಅಲ್ಲಿ ಎಲ್ಲ ದೋಣಿಯೂ ಒಳ್ಳೆಯ ದೋಣಿಯೇ. "ಕಡಲಿಗೆ ಹೋಗಿ ನೋಡುವ" ಅಂದದ್ದಕ್ಕೆ "ಇವತ್ತು ಗಾಳಿ ಜಾಸ್ತಿ, ಇನ್ನೊಂದು ದಿನ" ಅಂದ. ಆ ಇನ್ನೊಂದು ದಿನ ಬರುವ ಮುಂಚೆ ಪೂರ್ತಿ ದುಡ್ಡು ಕೇಳಿದ. 1 ಲಕ್ಷ ಬ್ಯಾಂಕಿಗೆ, 70 ಸಾವಿರ ಕ್ಯಾಶ್. ಕ್ಯಾಶಿಗೆ ಚೀಟಿ ಇಲ್ಲ. ನಮ್ಮ ಕಡೆ ದೋಣಿ ವ್ಯಾಪಾರ ಹೇಗೆ ನಡೆಯುತ್ತದೆ ಅಂತ ಗೊತ್ತಿದ್ದವರಿಗೆ ಇದರಲ್ಲಿ ಆಶ್ಚರ್ಯ ಏನೂ ಇಲ್ಲ. ಬಾಯಿಮಾತು, ಕೈಗೆ ದುಡ್ಡು, ಪೇಪರ್ ಆಮೇಲೆ.

ಮೊದಲ ಸಲ ಹೊಳೆ ಕಡಲು ಸೇರುವ ಅಳಿವೆ ದಾಟುವಾಗಲೇ ಬಣ್ಣ ಬಯಲಾಯಿತು. ಎರಡನೇ ಅಲೆಗೆ ಮೂತಿ ಎದ್ದು ಕೆಳಗೆ ಬಿತ್ತು, ಹಿಂದೆ "ಕಟಕ್" ಅಂತ ಸದ್ದು. ಭಾವ ತಿರುಗಿ ನೋಡಿದರೆ ಇಂಜಿನ್ ತಲೆ ಅಲ್ಲಾಡಿಸುತ್ತಿದೆ. ಇಂಜಿನ್ ಅಲ್ಲ, ಇಂಜಿನ್ ಕೂರಿಸಿದ ಹಿಂದಿನ ಗೋಡೆಯೇ ಹಿಂದೆ ಮುಂದೆ ಆಡುತ್ತಿದೆ. ಬೋಲ್ಟ್ ತೂತಿನಿಂದ ನೀರು ಒಳಗೆ. ಹೇಗೋ ದೋಣಿ ತಿರುಗಿಸಿ, ಇಂಜಿನ್ ಬಂದ್ ಮಾಡಿ, ಹಗ್ಗದಲ್ಲಿ ಬಿಗಿದರು. ಪುಣ್ಯಕ್ಕೆ ಹಿಂದೆ ಇನ್ನೊಂದು ದೋಣಿ ಬರುತ್ತಿತ್ತು, ಎಳೆದುಕೊಂಡು ಬಂದರು. ದಡದಲ್ಲಿ ಇದ್ದವರೆಲ್ಲ ನೋಡಿದರು. ಹೊಸ ನೀಲಿ ದೋಣಿ, ಹೂವಿನ ಮಾಲೆ ಇನ್ನೂ ಒಣಗಿಲ್ಲ, ಇನ್ನೊಬ್ಬರ ಹಗ್ಗ ಹಿಡಿದು ವಾಪಸ್. ಭಾವ ಅವತ್ತು ಯಾರ ಮುಖವನ್ನೂ ನೋಡಲಿಲ್ಲ.

ಮಾರನೇ ದಿನ ಫೈಬರ್ ಕೆಲಸದವನನ್ನು ಕರೆಸಿದೆವು. ಅವನು ನಾಣ್ಯ ತೆಗೆದು ಹಿಂದಿನ ಗೋಡೆಗೆ ತಟ್ಟಿದ. ಬದಿಯಲ್ಲಿ ಟಣ್ ಟಣ್. ಇಂಜಿನ್ ಕೂರುವ ಜಾಗದಲ್ಲಿ ಧಬ್. "ಒಳಗೆ ಎಂತದ್ದೂ ಇಲ್ಲ ಇದ್ರಲ್ಲಿ" ಅಂದ. ಗ್ರೈಂಡರ್ ಇಟ್ಟು ಒಂದು ಅಂಗೈ ಅಗಲ ಕತ್ತರಿಸಿದ್ದೇ ತಡ, ಕಪ್ಪು ನೀರು ಸುರಿಯಿತು. ಫೈಬರ್ ಎರಡು ಪದರದ ಮಧ್ಯೆ ಪ್ಲೈವುಡ್ ಇರುತ್ತದಲ್ಲ, ಅದು ನೀರು ಕುಡಿದು ಕುಡಿದು ಕೊಳೆತುಹೋಗಿತ್ತು. ಬೆರಳು ಹಾಕಿ ಕೆದಕಿದರೆ ಒದ್ದೆ ಕಾಫಿಪುಡಿ ಥರ ಉದುರುತ್ತದೆ. ನಾರು ಕೊಳೆಸಿದ ವಾಸನೆ. 40 ಕೆಜಿ ಇಂಜಿನ್ ನಿಂತದ್ದು ಇದರ ಮೇಲೆ! ಮೇಲಿಂದ ಒಂದು ಕೋಟ್ ರೆಸಿನ್ ಬಳಿದು, ಪುಟ್ಟಿ ತುಂಬಿಸಿ, ಪೇಂಟ್ ಹೊಡೆದಿದ್ದಾನೆ. ಗೊತ್ತಿಲ್ಲದೆ ಆದದ್ದಲ್ಲ ಇದು. ಗೊತ್ತಿದ್ದೇ ಮುಚ್ಚಿದ್ದು.

ಈಗ ಅವನ ಉತ್ತರಗಳನ್ನು ಕೇಳಿ. ಮೊದಲ ಫೋನಿಗೆ, "ಅಯ್ಯೋ ಹೌದಾ, ಮಾಡಿಸಿ ಕೊಡುವ, ಟೆನ್ಶನ್ ಮಾಡ್ಬೇಡಿ." ಆಮೇಲೆ ಎರಡು ದಿನ ಫೋನ್ ಎತ್ತಲಿಲ್ಲ. ಮೂರನೇ ದಿನ, "ನಿಮ್ಮವರು ಇಂಜಿನ್ ಜಾಸ್ತಿ ರೇಸ್ ಮಾಡಿದ್ದಾರೆ." ಫೋಟೊ ಕಳಿಸಿದೆ, ಕೊಳೆತ ಹಲಗೆಯ ವಿಡಿಯೊ ಕಳಿಸಿದೆ. ಅದಕ್ಕೆ ಬಂದ ವಾಯ್ಸ್ ಮೆಸೇಜ್ ಇನ್ನೂ ಇಟ್ಟುಕೊಂಡಿದ್ದೇನೆ: "ಅದು ಹೊಳೆ ದೋಣಿ ಸಾರ್. ಕಡಲಿಗೆ ತಗೊಂಡು ಹೋಗಿ ಅಂತ ಹೇಳಿದ್ಯಾರು?"

ಹೊಳೆ ದೋಣಿ! "ಕಡಲಿಗೆ ರೆಡಿ" ಅಂತ ಬರೆದವನು ಇವನೇ. ಸಿಗಡಿ ಕಥೆ ಹೇಳಿದವನೂ ಇವನೇ. ನಾನು ಆ ಮೆಸೇಜ್ ಎಷ್ಟು ಸಲ ಕೇಳಿದೆನೋ, ಪ್ರತಿ ಸಲ ಮೈ ಉರಿಯುತ್ತದೆ.

ಪೇಪರ್ ವಿಷಯ ಇನ್ನೂ ಚಂದ. ಆರ್‌ಸಿ ಜೆರಾಕ್ಸ್ ಕೊಟ್ಟಿದ್ದ, ಒರಿಜಿನಲ್ ವರ್ಗಾವಣೆ ಮಾಡುವಾಗ ಕೊಡುವ ಅಂದಿದ್ದ. ಜೆರಾಕ್ಸಿನಲ್ಲಿ ಉದ್ದ 8.5 ಮೀಟರ್. ಟೇಪ್ ಹಿಡಿದರೆ ನಮ್ಮದು 7 ದಾಟುವುದಿಲ್ಲ. ದೋಣಿ ಬದಿಗೆ ಬರೆದ ನೋಂದಣಿಯ ಐಎನ್‌ಡಿ-ಕೆಎ ನಂಬರ್ ಬೇರೆ ಯಾವುದೋ ದೋಣಿಯದ್ದು, ಅದು ಮುರಿದು ಎಷ್ಟೋ ಕಾಲ ಆಗಿದೆಯಂತೆ. ನಂಬರ್ ಸರಿ ಇಲ್ಲ ಅಂದರೆ ಲೈಸೆನ್ಸ್ ಇಲ್ಲ, ಸಬ್ಸಿಡಿ ಸೀಮೆಎಣ್ಣೆಯ ಪರ್ಮಿಟ್ ಇಲ್ಲ, ನಾಳೆ ಕಡಲಲ್ಲಿ ಏನಾದರೂ ಆದರೆ ಪರಿಹಾರ ಕೇಳಲಿಕ್ಕೂ ಮುಖ ಇಲ್ಲ. ಹೊರಗಿನ ಪೇಟೆ ರೇಟಿಗೆ ಎಣ್ಣೆ ಹಾಕಿಕೊಂಡು ಹೋದರೆ ಬಂದ ಮೀನು ಎಣ್ಣೆಗೇ ಸಾಕಾಗುವುದಿಲ್ಲ. ಇಂಜಿನ್ನಿನ ನಂಬರ್ ಪ್ಲೇಟೂ ಇಲ್ಲ, ಎರಡು ರಿವೆಟ್ ತೂತು ಮಾತ್ರ ಇದೆ. ಕೇಳಿದರೆ "ಉಪ್ಪು ನೀರಿಗೆ ಉದುರಿರ್ಬೇಕು." ಪೊಲೀಸಿಗೆ ಹೋಗ್ತೇನೆ ಅಂದೆ. ನಗುತ್ತಾ ಹೇಳಿದ: "ಹೋಗಿ. ದೋಣಿ ನಿಮ್ಮ ಹೆಸರಲ್ಲಿ ಉಂಟಾ?"

ಆದ್ದರಿಂದ ಹೇಳುವುದು ಇಷ್ಟೇ. ಹೊಸ ಪೇಂಟ್ ಕಂಡರೆ ಬೆಲೆ ಕೇಳುವ ಮೊದಲು ನಾಣ್ಯ ತೆಗೆಯಿರಿ. ಇಂಜಿನ್ ಎತ್ತಿ ನಿಲ್ಲಿಸಿ, ನೀರಲ್ಲಿ ತಿರುಗುವ ಫ್ಯಾನ್ ಇರುವ ಕಡೆ ಕೈ ಇಟ್ಟು ಜೋರಾಗಿ ಒತ್ತಿ. ಹಿಂದಿನ ಗೋಡೆ ಒಂದು ಕೂದಲಷ್ಟು ಅಲ್ಲಾಡಿದರೂ ಎದ್ದು ಬನ್ನಿ. ಗೇರ್ ಆಯಿಲ್ ಬಿಚ್ಚಿಸಿ ನೋಡಿ, ಹಾಲಿನ ಬಣ್ಣಕ್ಕೆ ತಿರುಗಿದ್ದರೆ ಒಳಗೆ ನೀರು ಹೋಗಿದೆ ಅಂತಲೇ. ಒರಿಜಿನಲ್ ಆರ್‌ಸಿ ಹಿಡಿದು ಅವನನ್ನೇ ಮೀನುಗಾರಿಕೆ ಇಲಾಖೆಗೆ ಕರೆದುಕೊಂಡು ಹೋಗಿ, ದುಡ್ಡು ಅಲ್ಲೇ ಕೊಡಿ. ಬರುವುದಿಲ್ಲ ಅಂದರೆ ಅದೇ ಉತ್ತರ.

ನಮ್ಮದು ಈಗ ಹಿತ್ತಲಲ್ಲಿ ಕವುಚಿ ಹಾಕಿದೆ. ಹಿಂದಿನ ಗೋಡೆ ಪೂರ್ತಿ ಕಟ್ಟಿಸಲು 35 ಸಾವಿರ ಹೇಳಿದ್ದಾರೆ. ಕಟ್ಟಿಸಿದರೂ ನಂಬರ್ ಇಲ್ಲದ ದೋಣಿ. ಭಾವ ಮತ್ತೆ ಬೇರೆಯವರ ದೋಣಿಗೆ ಹೋಗುತ್ತಿದ್ದಾರೆ. ಪೊಲೀಸರಿಗೆ ದೂರು ಕೊಟ್ಟಿದ್ದೇನೆ, ವ್ಯವಹಾರದ ವಿಷಯ, ಕೂತು ಮಾತಾಡಿಕೊಳ್ಳಿ ಅಂದಿದ್ದಾರೆ. ಇದೇ ರೀತಿ ನೀಲಿ ಪೇಂಟ್, ಆರ್‌ಸಿ ಜೆರಾಕ್ಸ್, "ಇನ್ನಿಬ್ಬರು ಕೇಳ್ತಿದ್ದಾರೆ" ಕೇಳಿ ದುಡ್ಡು ಕೊಟ್ಟವರು ಬೇರೆ ಯಾರಾದರೂ ಇದ್ದರೆ ನಾಚಿಕೆ ಬಿಟ್ಟು ನನಗೆ ಮೆಸೇಜ್ ಮಾಡಿ. ಮೂರು ನಾಲ್ಕು ಜನ ಒಟ್ಟಿಗೆ ಹೋದರೆ ಇದನ್ನು ವ್ಯವಹಾರ ಅನ್ನಲಿಕ್ಕೆ ಅವರಿಗೂ ಕಷ್ಟ.