ಕ್ಯಾಲ್‌ಟ್ರೇನ್: ಡೀಸೆಲ್ ರೈಲಾ, ಕರೆಂಟ್ ರೈಲಾ? ಎರಡರಲ್ಲೂ ಓಡಾಡಿದ ಮೇಲೆ ನನಗನಿಸಿದ್ದು

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಮತ್ತು ಸ್ಯಾನ್ ಹೊಸೆ ನಡುವೆ ಓಡುವ ಕ್ಯಾಲ್‌ಟ್ರೇನ್ ಡೀಸೆಲ್‌ನಿಂದ ಕರೆಂಟಿಗೆ ಬದಲಾದ ಮೇಲೆ ಗೊತ್ತಿರುವವರೆಲ್ಲ ಮೊದಲು ಕೇಳುವುದು, "ಈಗ ಎಷ್ಟು ಸ್ಪೀಡಾಗಿ ಹೋಗುತ್ತೆ?" ಅಂತ. ಉತ್ತರ ಕೇಳಿದರೆ ಹೆಚ್ಚಿನವರಿಗೆ ನಿರಾಸೆ. ಗರಿಷ್ಠ ವೇಗ ಆಗಲೂ ಗಂಟೆಗೆ 79 ಮೈಲಿ, ಈಗಲೂ 79 ಮೈಲಿ. ಅಂದರೆ ಸುಮಾರು 127 ಕಿಲೋಮೀಟರ್. ಒಂದು ಮೈಲಿಯೂ ಜಾಸ್ತಿ ಆಗಿಲ್ಲ. ಆದರೂ ಎಲ್ಲಾ ಸ್ಟೇಷನ್ನಿನಲ್ಲೂ ನಿಂತು ಹೋಗುವ ಲೋಕಲ್ ರೈಲಿಗೆ ಮೊದಲು 100 ನಿಮಿಷ ಹಿಡಿಯುತ್ತಿದ್ದ ದಾರಿ ಈಗ 77 ನಿಮಿಷಕ್ಕೆ ಮುಗಿಯುತ್ತದೆ. ಈ 23 ನಿಮಿಷ ಎಲ್ಲಿಂದ ಬಂತು ಅಂತ ನೋಡಿದರೆ ಸಾಕು, ಎರಡು ರೈಲಿನ ವ್ಯತ್ಯಾಸ ಅರ್ಥವಾಗುತ್ತದೆ.

ನಾನು ಹತ್ತುವುದು ಬೆಲ್ಮಾಂಟ್ ಸ್ಟೇಷನ್ನಿನಲ್ಲಿ. ಚಿಕ್ಕ ಸ್ಟೇಷನ್. ಎಕ್ಸ್‌ಪ್ರೆಸ್ ರೈಲುಗಳು ಇಲ್ಲಿ ನಿಲ್ಲುವುದಿಲ್ಲ. ಡೀಸೆಲ್ ಇದ್ದಾಗಲೂ ಇದರಲ್ಲೇ ಆಫೀಸಿಗೆ ಹೋಗುತ್ತಿದ್ದೆ, ಈಗಲೂ ಇದರಲ್ಲೇ. ಹಾಗಾಗಿ ನಾನು ಹೇಳುವುದು ಲೋಕಲ್ ರೈಲನ್ನೇ ನಂಬಿದವರ ಕಡೆಯಿಂದ ಅಂತ ಮೊದಲೇ ತಿಳಿದುಕೊಳ್ಳಿ.

ಮೊದಲು ಹಳೆಯದರ ಪರಿಚಯ. ಒಂದು ಡೀಸೆಲ್ ಎಂಜಿನ್, ಅದಕ್ಕೆ ಸೇರಿಸಿದ ಐದಾರು ಬೋಗಿ. ಎಂಜಿನ್‌ಗಳಲ್ಲಿ ಹಲವು 1985ರ ಕಾಲದವು, ಎಫ್40 ಮಾದರಿಯವು. ಬೋಗಿಗಳಲ್ಲಿ ಜನಕ್ಕೆ ಹೆಚ್ಚು ನೆನಪಿರುವುದು ಜಪಾನಿನ ನಿಪ್ಪಾನ್ ಶಾರ್ಯೋ ಕಂಪನಿಯ ಎರಡು ಅಂತಸ್ತಿನ ಗ್ಯಾಲರಿ ಬೋಗಿಗಳು. ಹೊಸದು ಸ್ವಿಟ್ಜರ್ಲೆಂಡಿನ ಸ್ಟಾಡ್ಲರ್ ಕಂಪನಿಯದು, ಅಮೆರಿಕದ ಸಾಲ್ಟ್ ಲೇಕ್ ಸಿಟಿಯಲ್ಲಿ ಜೋಡಿಸಿದ್ದು. ಏಳು ಬೋಗಿ, ಎರಡು ಅಂತಸ್ತು, ಬೇರೆ ಎಂಜಿನ್ ಅಂತ ಇಲ್ಲವೇ ಇಲ್ಲ. ಮೇಲಿನ ತಂತಿಯಲ್ಲಿ 25,000 ವೋಲ್ಟ್ ಹರಿಯುತ್ತದೆ. 2024ರ ಆಗಸ್ಟ್‌ನಲ್ಲಿ ಮೊದಲ ಕೆಲವು ರೈಲುಗಳು ಓಡಿದವು, ಸೆಪ್ಟೆಂಬರ್ 21ರಿಂದ ಸ್ಯಾನ್ ಫ್ರಾನ್ಸಿಸ್ಕೋ–ಸ್ಯಾನ್ ಹೊಸೆ ನಡುವೆ ಪೂರ್ತಿ ಕರೆಂಟ್ ರೈಲುಗಳೇ ಆದವು. ನಡುವಿನ ಆ ವಾರಗಳಲ್ಲಿ ಪ್ಲಾಟ್‌ಫಾರ್ಮಿಗೆ ಯಾವುದು ಬರುತ್ತದೋ ಅಂತ ಕಾಯುವುದೇ ಒಂದು ಖುಷಿ. ಒಂದೇ ಹಳಿ, ಅವೇ ಸ್ಟೇಷನ್ನು, ರೈಲು ಮಾತ್ರ ಬೇರೆ. ಹೋಲಿಸಿ ನೋಡುವುದಕ್ಕೆ ಅದಕ್ಕಿಂತ ಒಳ್ಳೆಯ ಸಮಯ ಸಿಗುತ್ತಿರಲಿಲ್ಲ.

ಹೊರಡುವುದು, ನಿಲ್ಲುವುದು

ಡೀಸೆಲ್ ರೈಲು ಹೊರಡುವುದು ನಿಮಗೆ ಕಾಲಿನಲ್ಲೇ ಗೊತ್ತಾಗುತ್ತಿತ್ತು. ಬಾಗಿಲು ಮುಚ್ಚಿ, ಬ್ರೇಕ್ ಬಿಟ್ಟು, ದೂರದಲ್ಲಿ ಎಂಜಿನ್ ಗುಡುಗಿ, ಬೋಗಿಗಳ ಕೊಂಡಿ ಒಂದೊಂದಾಗಿ ಬಿಗಿಯಾಗಿ, ಆಮೇಲೆ ನಿಧಾನವಾಗಿ ರೈಲು ಮುಂದಕ್ಕೆ ಹೋಗುತ್ತಿತ್ತು. ಯಾಕೆಂದರೆ ಇಡೀ ರೈಲನ್ನು ಎಳೆಯುವುದು ಎಂಜಿನ್ನಿನ ಚಕ್ರಗಳು ಮಾತ್ರ. ಉಳಿದ ಬೋಗಿಗಳ ಚಕ್ರಗಳು ಸುಮ್ನೆ ಉರುಳುತ್ತವೆ ಅಷ್ಟೇ. ಎಂಜಿನ್ ಎಷ್ಟೇ ದೊಡ್ಡದಿರಲಿ, ತನಗೆ ಬೇಕಾದ ಶಕ್ತಿಯನ್ನೆಲ್ಲ ಅದು ತನ್ನೊಳಗೇ ಎಣ್ಣೆ ಸುಟ್ಟು ಹುಟ್ಟಿಸಿಕೊಳ್ಳಬೇಕು, ಆ ಎಂಜಿನ್ನಿನ ಭಾರವನ್ನೂ ತಾನೇ ಹೊತ್ತುಕೊಂಡು ಓಡಬೇಕು.

ಕರೆಂಟ್ ರೈಲಿನಲ್ಲಿ ಮೋಟಾರುಗಳು ಬೋಗಿಗಳ ಅಡಿಯಲ್ಲೇ ಹಂಚಿಕೊಂಡಿವೆ. ರೈಲಿನ ಉದ್ದಕ್ಕೂ ಬೇರೆ ಬೇರೆ ಕಡೆ ಚಕ್ರಗಳು ಒಟ್ಟಿಗೆ ಹಳಿಯನ್ನು ಹಿಡಿದು ತಳ್ಳುತ್ತವೆ. ಶಕ್ತಿ ತಂತಿಯಿಂದ ಬರುತ್ತದೆ, ಬೇಕಾದಾಗ ಬೇಕಾದಷ್ಟು. ಬಾಗಿಲು ಮುಚ್ಚಿದ್ದು ಗೊತ್ತಾಗುವಷ್ಟರಲ್ಲಿ ಪ್ಲಾಟ್‌ಫಾರ್ಮಿನ ಕಂಬಗಳು ಹಿಂದೆ ಸರಿಯುತ್ತಿರುತ್ತವೆ. ನಿಂತುಕೊಂಡಿದ್ದರೆ ಏನಾದರೂ ಹಿಡಿದುಕೊಂಡಿರಿ, ಇದನ್ನು ಹೊಸಬರಿಗೆಲ್ಲ ಹೇಳುತ್ತೇನೆ. ಕುಲುಕುವುದಿಲ್ಲ, ಆದರೆ ಎಳೆತ ಜೋರಾಗಿಯೇ ಇರುತ್ತದೆ.

ಈಗ ಲೆಕ್ಕ ಹಾಕಿ. ಲೋಕಲ್ ರೈಲು ಎರಡು ತುದಿಗಳ ನಡುವೆ ಇಪ್ಪತ್ತು ಕಡೆ ನಿಲ್ಲುತ್ತದೆ. ಉಳಿದದ್ದು 23 ನಿಮಿಷ. ಅಂದರೆ ಪ್ರತಿ ಸಲ ನಿಂತು ಹೊರಡುವುದರಲ್ಲಿ ಹೆಚ್ಚುಕಡಿಮೆ ಒಂದು ನಿಮಿಷ ಉಳಿದಿದೆ. ನಿಲ್ಲದೆ ಓಡುವ ರೈಲಿಗೆ ಇದರಿಂದ ಅಂಥ ಲಾಭವಿಲ್ಲ. ಹಳೆಯ ಡೀಸೆಲ್ ಎಕ್ಸ್‌ಪ್ರೆಸ್ ಕೂಡ, 2004ರಲ್ಲಿ ಶುರುವಾದ ಬೇಬಿ ಬುಲೆಟ್, ಮಧ್ಯದ ಹೆಚ್ಚಿನ ಸ್ಟೇಷನ್ನುಗಳನ್ನು ಬಿಟ್ಟು ಒಂದು ಗಂಟೆಯೊಳಗೇ ಮುಟ್ಟುತ್ತಿತ್ತು. ಈಗಿನ ಎಕ್ಸ್‌ಪ್ರೆಸ್ ಕೂಡ ಹೆಚ್ಚುಕಡಿಮೆ ಒಂದು ಗಂಟೆಯೇ. ಪಾಲೋ ಆಲ್ಟೋ, ಮೌಂಟನ್ ವ್ಯೂ ಕಡೆಯವರು "ಅಷ್ಟೇನೂ ಬದಲಾಗಿಲ್ಲ ಬಿಡಿ" ಅನ್ನುವುದಕ್ಕೆ ಇದೇ ಕಾರಣ. ಅವರಿಗೆ ಮೊದಲೂ ಒಳ್ಳೆಯ ರೈಲು ಇತ್ತು. ಬೆಲ್ಮಾಂಟ್, ಸ್ಯಾನ್ ಬ್ರೂನೋ, ಬರ್ಲಿಂಗೇಮ್ ಕಡೆಯವರನ್ನು ಕೇಳಿ. ಡೀಸೆಲ್ ಕಾಲದಲ್ಲಿ ಚಿಕ್ಕ ಸ್ಟೇಷನ್ನಿನಲ್ಲಿ ಒಂದು ರೈಲನ್ನು ನಿಲ್ಲಿಸಿದರೆ ಅದರಲ್ಲಿ ಕೂತ ಎಲ್ಲರ ಸಮಯ ಹಾಳು, ಹಾಗಾಗಿ ಆದಷ್ಟು ನಿಲ್ಲಿಸಬಾರದು ಅನ್ನುವ ಲೆಕ್ಕಾಚಾರವೇ ನಡೆಯುತ್ತಿತ್ತು. ಈಗ ನಿಲ್ಲಿಸುವುದು ಅಷ್ಟು ದುಬಾರಿಯಲ್ಲ. ಅದಕ್ಕೇ ವೇಳಾಪಟ್ಟಿಯಲ್ಲಿ ನಮ್ಮಂಥ ಸ್ಟೇಷನ್ನುಗಳಿಗೂ ಹೆಚ್ಚು ರೈಲು ಸಿಕ್ಕಿವೆ. ಶನಿವಾರ, ಭಾನುವಾರ ಗಂಟೆಗೊಂದು ಇದ್ದದ್ದು ಅರ್ಧ ಗಂಟೆಗೊಂದು ಆಗಿದೆ. ನನ್ನ ಮಟ್ಟಿಗೆ ಇದು ವೇಗಕ್ಕಿಂತ ದೊಡ್ಡದು. ಗಂಟೆಗೊಂದು ರೈಲು ಇದ್ದರೆ ನಿಮ್ಮ ದಿನವನ್ನು ಅದಕ್ಕೆ ತಕ್ಕಂತೆ ಹೊಂದಿಸಿಕೊಳ್ಳಬೇಕು. ಅರ್ಧ ಗಂಟೆಗೊಂದು ಇದ್ದರೆ ಹಾಗೇ ಎದ್ದು ಸ್ಟೇಷನ್ ಕಡೆ ನಡೆಯಬಹುದು.

ಹೊಗೆ, ಶಬ್ದ

ಇದರಲ್ಲಿ ಪೈಪೋಟಿಯೇ ಇಲ್ಲ. ಸ್ಯಾನ್ ಫ್ರಾನ್ಸಿಸ್ಕೋದ 22ನೇ ಬೀದಿಯ ಸ್ಟೇಷನ್ ನೋಡಿದ್ದೀರಾ? ಎರಡು ಸುರಂಗಗಳ ನಡುವೆ, ಹೆದ್ದಾರಿಯ ಸೇತುವೆಯ ಅಡಿಯಲ್ಲಿ, ತಗ್ಗಿನಲ್ಲಿದೆ. ಡೀಸೆಲ್ ಎಂಜಿನ್ ಅಲ್ಲಿ ನಿಂತು ಹೊರಟರೆ ಹೊಗೆಗೆ ಹೋಗಲು ಜಾಗವೇ ಇರುತ್ತಿರಲಿಲ್ಲ. ಮೇಲಕ್ಕೆ ಹೋಗುವ ಮೆಟ್ಟಿಲುಗಳಲ್ಲಿ ಜನ ಮೂಗಿಗೆ ಕೈ ಅಡ್ಡ ಹಿಡಿದೇ ಹತ್ತುತ್ತಿದ್ದರು. ಬಟ್ಟೆಗೂ ಆ ವಾಸನೆ. ಈಗ ಅದೇ ಜಾಗದಲ್ಲಿ ನಿಂತು ಆರಾಮಾಗಿ ಉಸಿರಾಡಬಹುದು.

ಇದು ಬರೀ ನನ್ನ ಮೂಗಿನ ಮಾತಲ್ಲ. ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಬದಲಾವಣೆ ನಡೆಯುತ್ತಿದ್ದ ಅದೇ ವಾರಗಳಲ್ಲಿ ಉಪಕರಣ ಹಿಡಿದು ರೈಲುಗಳಲ್ಲಿ ಅಳತೆ ಮಾಡಿದರು. ಪ್ರಯಾಣಿಕರ ಉಸಿರಿಗೆ ಸಿಗುತ್ತಿದ್ದ ಡೀಸೆಲ್ ಮಸಿ ಸರಾಸರಿ 89% ಕಡಿಮೆಯಾಗಿತ್ತು. ಹೊಗೆ ಹೊರಗೆ ಹೋಗುತ್ತದೆ, ಒಳಗೆ ಕೂತವರಿಗೇನು ಅಂತ ನಾವೆಲ್ಲ ಅಂದುಕೊಂಡಿದ್ದೆವು, ಅಲ್ವಾ? ಎಂಜಿನ್ನಿನ ಹಿಂದಿನ ಬೋಗಿಗಳು ಆ ಗಾಳಿಯನ್ನೇ ಒಳಗೆ ಎಳೆದುಕೊಳ್ಳುತ್ತಿದ್ದವು. ದಿನಾ ಓಡಾಡುವವರಿಗಿಂತ ನನಗೆ ಕಂಡಕ್ಟರುಗಳ ನೆನಪು ಬರುತ್ತದೆ. ಅವರು ಇಡೀ ಪಾಳಿ ಆ ಗಾಳಿಯಲ್ಲೇ ಕಳೆಯುತ್ತಿದ್ದರು.

ಶಬ್ದದ ವಿಷಯ ಅಷ್ಟು ನೇರವಲ್ಲ. ಡೀಸೆಲ್ ರೈಲು ನಿಂತಿದ್ದಾಗಲೂ ದೀಪಕ್ಕೆ, ಎಸಿಗೆ ಕರೆಂಟ್ ಬೇಕಾದ್ದರಿಂದ ಎಂಜಿನ್ ಸದ್ದು ನಿಲ್ಲುತ್ತಿರಲಿಲ್ಲ. ಪ್ಲಾಟ್‌ಫಾರ್ಮಿನಲ್ಲಿ ಫೋನಿನಲ್ಲಿ ಮಾತಾಡುತ್ತಿದ್ದವರು ಒಂದು ಕಿವಿ ಮುಚ್ಚಿಕೊಂಡು ಕೂಗಬೇಕಿತ್ತು. ಹೊಸ ರೈಲು ನಿಂತರೆ ಎಸಿಯ ಸಣ್ಣ ಸದ್ದು, ಹೊರಟರೆ ಮೋಟಾರಿನ ಸಿಳ್ಳೆಯಂಥ ಸ್ವರ, ಅಷ್ಟೇ. ಆದರೆ ಹಾರ್ನ್ ಹಾಗೇ ಇದೆ. ಈ ದಾರಿಯಲ್ಲಿ ರಸ್ತೆಗೆ ಅಡ್ಡ ಬರುವ ಗೇಟುಗಳು 40ರ ಆಸುಪಾಸಿನಲ್ಲಿವೆ. ಪ್ರತಿ ಗೇಟಿಗೆ 15ರಿಂದ 20 ಸೆಕೆಂಡ್ ಮುಂಚೆ ಎರಡು ಉದ್ದ, ಒಂದು ಚಿಕ್ಕ, ಮತ್ತೊಂದು ಉದ್ದ ಹಾರ್ನ್ ಹೊಡೆಯಲೇಬೇಕು ಅಂತ ದೇಶದ ನಿಯಮ. ಹಳಿ ಪಕ್ಕ ಮನೆ ಮಾಡಿರುವವರಿಗೆ ಕರೆಂಟ್ ಬಂದದ್ದರಿಂದ ನಿದ್ದೆ ಬರುತ್ತದೆ ಅಂತ ಯಾರಾದರೂ ಹೇಳಿದರೆ ಪೂರ್ತಿ ನಂಬಬೇಡಿ. ಗೇಟು ತೆಗೆದು ಸೇತುವೆ ಕಟ್ಟಿದರೆ ಅದು ಸಾಧ್ಯ. ಇನ್ನೊಂದು ಮಾತು, ಮಕ್ಕಳನ್ನು ಕರೆದುಕೊಂಡು ಹೋಗುವವರಿಗೆ: ಹೊಸ ರೈಲು ಬರುವುದು ಕಿವಿಗೆ ತಡವಾಗಿ ಗೊತ್ತಾಗುತ್ತದೆ. ಹಳದಿ ಗೆರೆಯ ಹಿಂದೆಯೇ ನಿಲ್ಲಿಸಿಕೊಳ್ಳಿ.

ಒಳಗೆ ಕೂತಾಗ

ಇಲ್ಲಿ ಹಳೆಯದು ಸೋಲುವುದಿಲ್ಲ. ಗ್ಯಾಲರಿ ಬೋಗಿಯ ಮೇಲಿನ ಅಂತಸ್ತಿನಲ್ಲಿ ಎರಡೂ ಬದಿ ಒಂಟಿ ಸೀಟುಗಳ ಸಾಲು, ನಡುವೆ ಖಾಲಿ. ಕೆಳಗೆ ನಡೆದಾಡುವವರ ತಲೆ ಕಾಣುತ್ತಿತ್ತು. ಕಂಡಕ್ಟರ್ ಮೇಲೆ ಹತ್ತುವ ಅಗತ್ಯವೇ ಇರಲಿಲ್ಲ. ಕೆಳಗೆ ನಿಂತು ಯಂತ್ರವನ್ನು ಮೇಲಕ್ಕೆ ಎತ್ತಿ ಹಿಡಿದರೆ ಮೇಲೆ ಕೂತವರು ಕಂಬಿಯ ಸಂದಿಯಿಂದ ಟಿಕೆಟ್ಟಿನ ಕ್ಲಿಪ್ಪರ್ ಕಾರ್ಡ್ ಚಾಚುತ್ತಿದ್ದರು, ಬೀಪ್ ಅನ್ನುತ್ತಿತ್ತು, ಮುಂದಿನವರು. ಆ ಒಂಟಿ ಸೀಟಿನಲ್ಲಿ ಪಕ್ಕದಲ್ಲಿ ಯಾರೂ ಇಲ್ಲ, ಕಿಟಕಿ ನಿಮ್ಮದೇ, ಮೆತ್ತನೆಯ ಸೀಟು. ಓದುವುದಕ್ಕೆ ಅದಕ್ಕಿಂತ ಒಳ್ಳೆಯ ಜಾಗ ನನಗೆ ಬೇರೆ ಯಾವ ರೈಲಿನಲ್ಲೂ ಸಿಕ್ಕಿಲ್ಲ. ಹೊಸ ರೈಲಿನಲ್ಲಿ ಅಂಥ ಒಂಟಿ ಸೀಟು ಇಲ್ಲ. ಸೀಟಿನ ಮೆತ್ತೆ ತೆಳುವಾಗಿದೆ. ಅರ್ಧ ಗಂಟೆಗೆ ಏನೂ ಅನಿಸುವುದಿಲ್ಲ, ತುದಿಯಿಂದ ತುದಿಗೆ ಹೋಗುವವರ ಬೆನ್ನಿಗೆ ಗೊತ್ತಾಗುತ್ತದೆ.

ಅದು ಬಿಟ್ಟರೆ ಉಳಿದದ್ದೆಲ್ಲ ಹೊಸದರ ಕಡೆಗೇ. ಸೀಟಿನ ಹತ್ತಿರ ಪ್ಲಗ್, ವೈಫೈ, ಮುಂದಿನ ಸ್ಟೇಷನ್ ತೋರಿಸುವ ಪರದೆ, ದೊಡ್ಡ ಕಿಟಕಿ. ಗ್ಯಾಲರಿ ಬೋಗಿಯ ಕಡಿದಾದ ಮೆಟ್ಟಿಲುಗಳನ್ನು ಮಂಡಿ ನೋವಿರುವವರು ಕಂಬಿ ಹಿಡಿದು ಒಂದೊಂದೇ ಹತ್ತುತ್ತಿದ್ದದ್ದು ನೋಡುವುದಕ್ಕೇ ಕಷ್ಟವಾಗುತ್ತಿತ್ತು. ಈಗ ಬಾಗಿಲಿನ ಮಟ್ಟಕ್ಕೇ ಕೆಳ ಅಂತಸ್ತು ಸಿಗುತ್ತದೆ. ಆದರೆ ಪ್ಲಾಟ್‌ಫಾರ್ಮುಗಳು ಇನ್ನೂ ತಗ್ಗಾಗಿಯೇ ಇವೆ, ಹಾಗಾಗಿ ವೀಲ್‌ಚೇರಿನಲ್ಲಿ ಬರುವವರು ಯಾರ ಸಹಾಯವೂ ಇಲ್ಲದೆ ನೇರ ಒಳಗೆ ಬರುವಂತಾಗಿಲ್ಲ. ಆ ಕೆಲಸ ಬಾಕಿ ಇದೆ.

ಟಾಯ್ಲೆಟ್ ವಿಷಯ ಹೇಳದೆ ಬಿಡಬಾರದು. ಏಳು ಬೋಗಿಗೆ ಒಂದೇ. ದೊಡ್ಡದಾಗಿದೆ, ವೀಲ್‌ಚೇರೂ ಹೋಗುವಷ್ಟು ಜಾಗ ಇದೆ, ಆದರೆ ಒಂದೇ. ಚಿಕ್ಕ ಮಕ್ಕಳಿದ್ದರೆ ಅದು ಯಾವ ಬೋಗಿಯಲ್ಲಿದೆ ಅಂತ ನೋಡಿಕೊಂಡೇ ಹತ್ತಿ.

ಸೈಕಲ್ ತರುವವರಿಗೆ ಒಂದು ರೈಲಿಗೆ 72 ಜಾಗ, ಎರಡು ಬೋಗಿಗಳಲ್ಲಿ. ಗ್ಯಾಲರಿ ಬೋಗಿಯಲ್ಲಿ ಮೇಲೆ ಕೂತು ಕೆಳಗೆ ಕಟ್ಟಿದ ಸೈಕಲ್ ಮೇಲೆ ಕಣ್ಣಿಡಬಹುದಿತ್ತು. ಹೊಸದರಲ್ಲಿ ಮೇಲಿನ ಅಂತಸ್ತಿಗೆ ಹೋದರೆ ಸೈಕಲ್ ಕಾಣುವುದಿಲ್ಲ. ದುಬಾರಿ ಸೈಕಲ್ ಇರುವವರು ಅದರ ಪಕ್ಕ ನಿಂತೇ ಹೋಗುವುದನ್ನು ನೋಡಿದ್ದೇನೆ.

ತಂತಿ ಇದ್ದರೆ ಮಾತ್ರ

ಡೀಸೆಲ್ಲಿಗೆ ಒಂದು ಗಟ್ಟಿತನ ಇತ್ತು. ಟ್ಯಾಂಕಿನಲ್ಲಿ ಎಣ್ಣೆ ಇದ್ದರೆ ಹಳಿ ಇರುವಲ್ಲೆಲ್ಲ ಹೋಗುತ್ತದೆ. ಕರೆಂಟ್ ರೈಲಿಗೆ ತಂತಿ ಬೇಕು, ತಂತಿಯಲ್ಲಿ ಕರೆಂಟ್ ಇರಬೇಕು. ಹುಟ್ಟುಹಬ್ಬಕ್ಕೆ ತರುವ ಮಿಂಚುವ ಬಲೂನ್ ಇದೆಯಲ್ಲ, ಆ ಲೋಹದ ಪದರದ್ದು, ಅದು ಕೈತಪ್ಪಿ ಹಾರಿ ತಂತಿಗೆ ತಾಗಿದರೂ ರೈಲು ನಿಲ್ಲಬಹುದು. ಸ್ಟೇಷನ್ನಿಗೆ ತರಬೇಡಿ. ಒಂದು ಕಡೆ ತಂತಿ ಕೆಟ್ಟರೆ ಹಿಂದಿನ ರೈಲುಗಳೂ ಸಾಲಾಗಿ ನಿಲ್ಲುತ್ತವೆ, ಇದು ನಿಜವಾದ ದೌರ್ಬಲ್ಯ.

ಅದಕ್ಕೆ ಎದುರಾಗಿ ಬ್ರೇಕ್ ನೋಡಿ. ಹಳೆಯ ರೈಲು ನಿಂತಾಗಲೆಲ್ಲ ಓಟದ ಶಕ್ತಿಯೆಲ್ಲ ಬಿಸಿಯಾಗಿ ಗಾಳಿಗೆ ಹೋಗುತ್ತಿತ್ತು. ಇಪ್ಪತ್ತು ಕಡೆ ನಿಲ್ಲುವ ರೈಲಿಗೆ ಅದೆಷ್ಟು ನಷ್ಟ! ಹೊಸದರಲ್ಲಿ ಬ್ರೇಕ್ ಹಾಕಿದರೆ ಮೋಟಾರುಗಳೇ ಜನರೇಟರ್ ಆಗಿ ಕರೆಂಟನ್ನು ತಂತಿಗೆ ವಾಪಸ್ ಕೊಡುತ್ತವೆ. ಬಳಸಿದ್ದರಲ್ಲಿ ಸುಮಾರು 23% ಹೀಗೆ ಮರಳಿ ಬರುತ್ತಿದೆ ಅಂತ ಕ್ಯಾಲ್‌ಟ್ರೇನ್ ಹೇಳಿದೆ.

ಹಳೆಯ ಎಂಜಿನ್, ಬೋಗಿಗಳಲ್ಲಿ ಹೆಚ್ಚಿನವನ್ನು ಪೆರು ದೇಶದ ಲಿಮಾ ನಗರಕ್ಕೆ ಮಾರಿದ್ದಾರೆ. 19 ಎಂಜಿನ್, 90 ಬೋಗಿ. ಗುಜರಿಗೆ ಹೋಗಲಿಲ್ಲವಲ್ಲ ಅಂತ ನನಗೆ ಸಮಾಧಾನ. ಆದರೆ ಅಲ್ಲಿನ ಜನರೂ ಆ ಹೊಗೆಯನ್ನೇ ಕುಡಿಯಬೇಕು ಅನ್ನುವುದೂ ಮನಸ್ಸಿನಲ್ಲಿದೆ.

ನೀವೇ ಹೋಲಿಸಿ ನೋಡಬೇಕು ಅಂದರೆ ಈಗಲೂ ದಾರಿ ಇದೆ. ಸ್ಯಾನ್ ಹೊಸೆಯಿಂದ ದಕ್ಷಿಣಕ್ಕೆ ಗಿಲ್ರಾಯ್ ತನಕದ ಹಳಿ ಯೂನಿಯನ್ ಪೆಸಿಫಿಕ್ ಎಂಬ ಸರಕು ರೈಲಿನ ಕಂಪನಿಯದು. ಅಲ್ಲಿ ತಂತಿ ಇಲ್ಲ, ಡೀಸೆಲ್ಲೇ ಓಡುತ್ತದೆ, ಅದೂ ದಿನಕ್ಕೆ ಬೆರಳೆಣಿಕೆಯಷ್ಟು. ಸ್ಯಾನ್ ಹೊಸೆಯ ಡಿರಿಡಾನ್ ಸ್ಟೇಷನ್ನಿನಲ್ಲಿ ಕರೆಂಟ್ ರೈಲಿನಿಂದ ಇಳಿದು ಇನ್ನೊಂದು ಪ್ಲಾಟ್‌ಫಾರ್ಮಿನ ಡೀಸೆಲ್ ರೈಲು ಹತ್ತಿ, ಮೊದಲ ಸ್ಟೇಷನ್ ಬರುವಷ್ಟರಲ್ಲಿ ನಾನು ಇಷ್ಟು ಹೊತ್ತು ಹೇಳಿದ್ದೆಲ್ಲ ನಿಮಗೆ ಗೊತ್ತಾಗುತ್ತದೆ. ಗಿಲ್ರಾಯ್, ಮಾರ್ಗನ್ ಹಿಲ್ ಕಡೆಯಿಂದ ದಿನಾ ಬರುವವರಿಗೆ ಕರೆಂಟ್ ಬಂದದ್ದು ಲಾಭವೂ ಹೌದು, ನಷ್ಟವೂ ಹೌದು. ಮೊದಲು ಕೂತ ಸೀಟಿನಲ್ಲೇ ಸ್ಯಾನ್ ಫ್ರಾನ್ಸಿಸ್ಕೋ ತನಕ ಹೋಗುತ್ತಿದ್ದವರು ಈಗ ನಡುವೆ ಇಳಿದು ರೈಲು ಬದಲಿಸಬೇಕು. ತಂತಿ ಇಲ್ಲದ ಕಡೆಯೂ ಓಡುವ ಬ್ಯಾಟರಿ ರೈಲೊಂದನ್ನು ಸ್ಟಾಡ್ಲರ್‌ನಿಂದಲೇ ತರಿಸಲು 2023ರಲ್ಲೇ ಒಪ್ಪಿಗೆ ಆಗಿದೆ. ಬೆಲ್ಮಾಂಟ್‌ಗೆ ಸಿಕ್ಕಿದ್ದು ಮಾರ್ಗನ್ ಹಿಲ್‌ಗೂ ಸಿಗಬೇಕು. ಆ ರೈಲು ಬಂದ ದಿನ ಅದರಲ್ಲಿ ಕೂತು ನೋಡಿ, ಇದರ ಮುಂದಿನ ಭಾಗ ಬರೆಯುತ್ತೇನೆ.