ಗದರಿಸಿ ತಿದ್ದೋದಾ, ಮೆತ್ತಗೆ ಹೇಳೋದಾ?

ಚರ್ಚಿನ ಸಭೆಯಲ್ಲಿ ಯಾರೋ ತಪ್ಪು ಮಾಡಿದ್ದಾರೆ, ಹೇಳಬೇಕಾದವರು ನೀವು.

ಗದರಿಸಿದರೆ ಕೆಲಸ ಬೇಗ ಆಗುತ್ತದೆ, ನಿಜ. ಆದರೆ ಹೆದರಿದವರು ತಪ್ಪು ಬಿಡುವುದಕ್ಕಿಂತ ಮುಚ್ಚಿಡುವುದೇ ಜಾಸ್ತಿ. ಸಮಾರ್ಯದ ಊರಿನವರು ಯೇಸುವನ್ನು ಸೇರಿಸಿಕೊಳ್ಳದಿದ್ದಾಗ ಆತನ ಶಿಷ್ಯರಾದ ಯಾಕೋಬ, ಯೋಹಾನರು ಆಕಾಶದಿಂದ ಬೆಂಕಿ ಬೀಳಿಸೋಣವೇ ಎಂದರು (ಬೈಬಲ್, ಲೂಕ 9). ಯೇಸುವಿನಿಂದ ಬೈಸಿಕೊಂಡಿದ್ದು ಊರಿನವರಲ್ಲ, ಇವರೇ!

ಮೆತ್ತಗೆ ಹೇಳಿದರೆ ನಿಧಾನ. ಆದರೂ ನನ್ನ ಓಟು ಇದಕ್ಕೇ. ಬೈಬಲಿನಲ್ಲಿ ಅಪೊಸ್ತಲ ಪೌಲ ಫಿಲೆಮೋನನೆಂಬ ವಿಶ್ವಾಸಿಗೆ ಬರೆದ ಪತ್ರ ಓದಿ, ಬರೀ 25 ವಚನ. ಅಪ್ಪಣೆ ಕೊಡುವ ಹಕ್ಕಿದ್ದರೂ ಪ್ರೀತಿಯಿಂದ ಬೇಡಿಕೊಳ್ಳುತ್ತೇನೆ ಅನ್ನುತ್ತಾನೆ. ನಿನ್ನನ್ನು ಬಿಟ್ಟುಹೋಗಿದ್ದ ದಾಸ ಒನೇಸಿಮನನ್ನು ಸಹೋದರನಾಗಿ ಸೇರಿಸಿಕೋ, ಅವನ ಸಾಲವಿದ್ದರೆ ನನ್ನ ಲೆಕ್ಕಕ್ಕೆ ಬರೆದುಕೋ. ಸುಮ್ನೆ ಸಿಹಿ ಮಾತಲ್ಲ, ಅಲ್ವಾ? ಜೇಬಿಗೂ ಕೈ ಹಾಕಿದ್ದಾನೆ.

ಹೊಡೆತ, ದೌರ್ಜನ್ಯದಂಥ ವಿಷಯವಾದರೆ ಮಾತ್ರ ಇವೆರಡೂ ಬೇಡ, ನೇರ ಪೊಲೀಸರಿಗೆ ಹೇಳಿ.